ಹತ್ತು ಗಂಟೆಗೆ ಗೇಟ್ ಹಾಕ್ತಿದ್ರು

ಇವತ್ತು ಒಂದು ಪಾರ್ಕಿನ ವಿಷಯ ಮಾತಾಡೋಣ ಅಂತ ಕೂತಿದ್ದೀನಿ. ಲಾಲ್‌ಬಾಗ್ ಅಲ್ಲ, ಕಬ್ಬನ್ ಪಾರ್ಕೂ ಅಲ್ಲ. ಅವೆರಡರ ರೀಲ್ಸ್ ನಿಮ್ಮ ಫೋನಿಗೆ ಬೇಕಾದಷ್ಟು ಬಂದಿರ್ತಾವೆ. ಇದು ಬೆಂಗಳೂರಿನ ಅಂಚಿನಲ್ಲಿ, ತುಮಕೂರು ರಸ್ತೆಯ ಎಂಟನೇ ಮೈಲಿಯಿಂದ ಒಳಗೆ ಹೋದರೆ ಸಿಗೋ ಒಂದು ಬಡಾವಣೆ ಪಾರ್ಕು. ಪೂರ್ತಿ ಒಂದು ಸುತ್ತು ಹಾಕೋಕೆ ನಾಲ್ಕು ನಿಮಿಷ ಸಾಕು. ನಾಲ್ಕು ಹೊಂಗೆ ಮರ, ಒಂದು ಸಂಪಿಗೆ, ಮೂಲೆಯಲ್ಲಿ ಎತ್ತರದ ಆಕಾಶಮಲ್ಲಿಗೆ ಮರ, ತುಕ್ಕು ಹಿಡಿದ ಜೋಕಾಲಿ, ಹಳದಿ-ನೀಲಿ ಬಣ್ಣದ ವ್ಯಾಯಾಮದ ಉಪಕರಣಗಳು. ನಿಮ್ಮ ಏರಿಯಾದಲ್ಲೂ ಇಂಥದ್ದೇ ಒಂದು ಇರುತ್ತೆ. ಹೆಸರು ಹೇಳೋದಿಲ್ಲ, ಯಾಕಂದ್ರೆ ತಕರಾರು ಆ ಒಂದು ಪಾರ್ಕಿನ ಮೇಲೆ ಅಲ್ಲ.

ಆ ಪಾರ್ಕಿನ ಹಿಂದಿನ ಬೀದಿಯ ಪಿಜಿಯಲ್ಲಿ ನಾನು ಎರಡು ವರ್ಷ ಇದ್ದೆ. ಆದ್ರೆ ಒಮ್ಮೆಯೂ ಒಳಗೆ ಹೋಗಿರಲಿಲ್ಲ. ನೈಟ್ ಶಿಫ್ಟ್ ಮುಗಿಸಿ ಬರೋ ಹೊತ್ತಿಗೆ ಹಾಸಿಗೆ ಬಿಟ್ಟು ಬೇರೆ ಏನೂ ಕಾಣಿಸ್ತಿರಲಿಲ್ಲ. ನನ್ನನ್ನ ಆ ಪಾರ್ಕಿಗೆ ಕರ್ಕೊಂಡು ಹೋಗಿದ್ದು ನಮ್ಮವ್ವ. ಶಿರಹಟ್ಟಿಯಿಂದ ಬಂದ ನಮ್ಮವ್ವ.

2023ರ ಡಿಸೆಂಬರ್. ಅವ್ವಗೆ ಕಣ್ಣಿನ ತೊಂದರೆ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಧ್ಯಾಹ್ನ ಎರಡಕ್ಕೆ ಅಪಾಯಿಂಟ್‌ಮೆಂಟ್. ಆ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿತ್ತಲ್ಲ, ಹೆಣ್ಣುಮಕ್ಕಳಿಗೆ ಸರ್ಕಾರಿ ಸಾದಾ ಬಸ್ಸಲ್ಲಿ ಟಿಕೆಟ್ ಇಲ್ಲ. ಅವ್ವ ಝೀರೋ ಟಿಕೆಟ್ ಹಿಡ್ಕೊಂಡು, ರಾತ್ರಿಯೆಲ್ಲ ಸೀಟಲ್ಲಿ ಕೂತು, ಬೆಳಿಗ್ಗೆ ಐದೂವರೆಗೆ ಎಂಟನೇ ಮೈಲಿಯಲ್ಲಿ ಇಳಿದ್ಲು. ಕೈಯಲ್ಲಿ ಒಂದು ಚೀಲ. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ.

ಈಗ ಹೇಳಿ, ಗಂಡುಮಕ್ಕಳ ಪಿಜಿಯಲ್ಲಿ ಇರೋ ಹುಡುಗ ತನ್ನ ಅವ್ವನನ್ನ ಬೆಳಿಗ್ಗೆ ಐದೂವರೆಯಿಂದ ಮಧ್ಯಾಹ್ನದವರೆಗೆ ಎಲ್ಲಿ ಇಟ್ಕೋಬೇಕು?

ನನಗೆ ಇದು ಮೊದಲೇ ಹೊಳೀಲಿಲ್ಲ, ಅದು ನನ್ನ ದಡ್ಡತನ. ಪಿಜಿ ಬಾಗಿಲಲ್ಲಿ ಹೋಗಿ ನಿಂತಾಗ, ಐದೇ ನಿಮಿಷ, ಮುಖ ತೊಳ್ಕೊಂಡು ಬರ್ತಾರೆ ಅಂತ ಕೇಳ್ದೆ. "ಲೇಡೀಸ್ ಒಳಗೆ ಬಿಡಂಗಿಲ್ಲ ಬ್ರೋ, ರೂಲ್ಸು" ಅಂದ್ರು. ಅವ್ವ ಪಕ್ಕದಲ್ಲೇ ನಿಂತಿದ್ಲು. ಆ ಮಾತು ಕೇಳಿ ನನಗೆ ಆದ ನಾಚಿಕೆ ಆಕೆಗೆ ಆಗಿದ್ದಂಗೆ ಕಾಣಲಿಲ್ಲ. "ಹೌದಲ್ಲ, ಗಂಡುಡುಗ್ರು ಇರೂ ಜಾಗಾ" ಅಂತ ತಾನೇ ನನ್ನನ್ನ ಸಮಾಧಾನ ಮಾಡಿದ್ಲು. ಲಾಜ್ ಮಾಡ್ತೀನಿ ಅಂದೆ. ಎಷ್ಟು ಅಂತ ಕೇಳಿದ್ಲು. ರೇಟು ಹೇಳ್ದೆ. ಆಕೆ ನನ್ನ ಮುಖ ನೋಡಿದ ರೀತಿಗೆ ಆ ವಿಷಯ ಅಲ್ಲಿಗೇ ಮುಗೀತು. ದೋಸ್ತರು ಇದ್ದಾರೆ, ಆದ್ರೆ ಎಲ್ಲರೂ ಪಿಜಿಯಲ್ಲೇ. ಅಲ್ಲೇ ಬೀದಿ ಕೊನೆಗೆ ಗೇಟು ತೆರೆದಿತ್ತು. "ಅಲ್ಲಿ ಗಿಡದ ಕೆಳಗ ಕುಂಡ್ರೂಣ ನಡಿ ತಮ್ಮಾ" ಅಂದ್ಲು ಅವ್ವ.

ಡಿಸೆಂಬರ್ ಅಂದ್ರೆ ಆಕಾಶಮಲ್ಲಿಗೆ ಉದುರೋ ಕಾಲ. ಹಾದಿ ಪೂರ್ತಿ ಬೆಳ್ಳಗೆ. ಉದ್ದ ತೊಟ್ಟಿನ ಹೂವು ಅದು, ನೋಡಿರ್ತೀರಿ. ಅವ್ವ ಬೆಂಚಿನ ಮೇಲೆ ಕೂರೋ ಮೊದಲು ಸೆರಗು ಒಡ್ಡಿ ಹೂ ಆರಿಸಿಕೊಂಡ್ಲು. ವಾಕಿಂಗ್‌ಗೆ ಬಂದವರು ಮಂಕಿ ಕ್ಯಾಪ್ ಹಾಕ್ಕೊಂಡು ಸುತ್ತು ಹಾಕ್ತಿದ್ರು, ಒಬ್ಬರ ಮೊಬೈಲಿನಲ್ಲಿ ಸುಪ್ರಭಾತ, ಇನ್ನೊಬ್ಬರದ್ದರಲ್ಲಿ ಷೇರು ಮಾರುಕಟ್ಟೆ. ಆಮೇಲೆ ಮೂಲೆಯಲ್ಲಿ ಏಳೆಂಟು ಜನ ಹಿರಿಯರು ಕೈ ಮೇಲೆತ್ತಿ ಹೋ ಹೋ ಅಂತ ನಗೋಕೆ ಶುರು ಮಾಡಿದ್ರು. ಅವ್ವ ಗಾಬರಿಯಾಗಿ ನನ್ನ ನೋಡಿದ್ಲು. ಆರೋಗ್ಯಕ್ಕೆ ಅಂತ ನಗ್ತಾರವ್ವ ಅಂದೆ. "ನಗಾಕೂ ಟೈಮ್ ಐತೇನು ಇಲ್ಲಿ?" ಅಂದ್ಲು.

ಗೇಟಿನ ಹತ್ರ ಒಂದು ದೊಡ್ಡ ಬೋರ್ಡು. ಅವ್ವ ನಾಲ್ಕನೇತ್ತೆ ಓದಿದವಳು, ಕನ್ನಡ ಅಕ್ಷರ ಎಲ್ಲಿ ಕಂಡ್ರೂ ಜೋರಾಗಿ ಓದ್ತಾಳೆ. ಕಣ್ಣು ಮಂಜಾಗಿದ್ದರಿಂದ ಹತ್ರ ಹೋಗಿ, ಮೂಗು ಹಚ್ಚಿ ಓದಿದ್ಲು. ಹೂ ಕೀಳಬಾರದು. ಹುಲ್ಲಿನ ಮೇಲೆ ನಡೆಯಬಾರದು. ತಿಂಡಿ ತಿನಿಸು ತಿನ್ನಬಾರದು. ಬೆಂಚಿನ ಮೇಲೆ ಮಲಗಬಾರದು. ಚೆಂಡಾಟ ಆಡಬಾರದು. ಪೂರ್ತಿ ಓದಿ ಬಂದು ಹೇಳಿದ್ಲು: "ಏನೇನ್ ಮಾಡಬಾರ್ದು ಅಂತ ಎಲ್ಲಾ ಬರದಾರ. ಏನ್ ಮಾಡಬೇಕು ಅಂತ ಒಂದೂ ಬರದಿಲ್ಲಲ್ಲೋ." ಹಾಗಂದವಳೇ ಚೀಲ ಬಿಚ್ಚಿ ರೊಟ್ಟಿ ಮುರಿದು ಕೊಟ್ಲು. ಹೂ ಕಿತ್ತಿಲ್ಲ, ಬಿದ್ದಿದ್ದು ಆರಿಸಿದ್ದು. ರೊಟ್ಟಿ ತಿಂಡಿ ಅಲ್ಲ, ಊಟ. ಕಾನೂನಿನಲ್ಲಿ ಅವ್ವಗೆ ಭಾರಿ ನಂಬಿಕೆ.

ತಿಂತಾ ತಿಂತಾ ಊರಿನ ಮಾತು. ಮಾಗಡಿ ಕೆರೆಗೆ ಹಕ್ಕಿ ಬಂದಾವೇನವ್ವ ಅಂತ ಕೇಳ್ದೆ. ಇಲ್ಲಿ ಒಂದು ಮಾತು ಹೇಳಬೇಕು. ಬೆಂಗಳೂರಿನವರಿಗೆ ಮಾಗಡಿ ಅಂದ್ರೆ ಮಾಗಡಿ ರೋಡು. ನಮಗೆ ಮಾಗಡಿ ಅಂದ್ರೆ ಶಿರಹಟ್ಟಿ ತಾಲ್ಲೂಕಿನ ಒಂದು ಊರು, ಆ ಊರಿನ ಕೆರೆ. ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳಿಯೋಕೆ ಅಲ್ಲಿಗೆ ಬರ್ತಾವೆ. ಸುಮಾರು 50 ಹೆಕ್ಟೇರಿನ ಕೆರೆ, ಮಳೆನೀರು ಹಿಡಿದು ನೀರಾವರಿಗೆ ಅಂತ ಜನ ಕಟ್ಟಿದ್ದು. 2024ರಲ್ಲಿ ಅದಕ್ಕೆ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಅಂದ್ರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ. ಹೆಬ್ಬಾತುಗಳು ಹಗಲೆಲ್ಲ ನೀರಿನ ಮೇಲೆ ಸುಮ್ಮನೆ ಕೂತಿರ್ತಾವೆ, ರಾತ್ರಿ ಹೊಲಕ್ಕಿಳಿದು ಶೇಂಗಾ, ಕಾಳು ತಿಂತಾವೆ. ಅವೂ ನೈಟ್ ಶಿಫ್ಟೇ. "ಬಂದಾವ. ನಿನ್ನಂಗ, ಹಗಲಿ ನಿದ್ದಿ" ಅಂದ್ಲು ಅವ್ವ.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತ್ವಿ. ಎಂಟು ಗಂಟೆ ಆಗಿತ್ತು ಅನ್ಸುತ್ತೆ, ವಾಕಿಂಗಿನವರು ಕಡಿಮೆ ಆಗಿದ್ರು, ಬಿಸಿಲು ಹೊಂಗೆ ಎಲೆ ನಡುವೆ ಇಳೀತಿತ್ತು. ಅವ್ವ ಕಾಲು ಮೇಲೆ ಮಡಚಿಕೊಂಡು, ಮರಕ್ಕೆ ಮುಖ ಮಾಡಿ ಕೂತು ಇದ್ದಕ್ಕಿದ್ದಂಗೆ ಹೇಳಿದ್ಲು: "ನಾ ಹಿಂಗ ಹೊರಗ, ಕೆಲಸ ಇಲ್ಲದ ಕುಂತಿದ್ದು ಇದ ಮೊದಲು ನೋಡು."

ನಾನು ನಕ್ಕೆ. ಏನವ್ವ, ಊರಲ್ಲಿ ಎಷ್ಟು ಕಟ್ಟೆ ಇದಾವೆ ಅಂದೆ. ಬೆಂಗಳೂರಿಗೆ ಬಂದ ನಮ್ಮ ಕಡೆ ಹುಡುಗರೆಲ್ಲ ಇದನ್ನೇ ಹೇಳ್ತೀವಿ, ನಾನೂ ಹೇಳ್ತಿದ್ದೆ: ಈ ಊರಲ್ಲಿ ಕೂರೋಕೆ ಜಾಗ ಇಲ್ಲಪ್ಪ, ಕೂತ್ರೆ ಕಾಫಿ ತಗೋಬೇಕು, ನಮ್ಮೂರಲ್ಲಿ ಬೇವಿನ ಗಿಡದ ಕಟ್ಟೆ ಐತಿ, ಹೊತ್ತು ಮುಳುಗೋವರೆಗೂ ಕುಂತ್ರೂ ಯಾರೂ ಕೇಳಲ್ಲ ಅಂತ.

ಅವ್ವ ಕೇಳಿದ್ಲು: "ಕಟ್ಟಿ ಮ್ಯಾಲ ನಾ ಕುಂತಿದ್ದು ಯಾವಾಗರ ನೋಡಿಯೇನು?"

ನೋಡಿಲ್ಲ. ಅವ್ವ ಬಿಡಿ, ಅತ್ತಿ, ಚಿಗವ್ವ, ಅಕ್ಕ, ಓಣಿಯ ಯಾವ ಹೆಣ್ಣುಮಗಳೂ ಕಟ್ಟೆ ಮೇಲೆ ಕೂತಿದ್ದನ್ನ ನಾನು ನೋಡಿಲ್ಲ. ನೀರಿನ ಕೊಡ ಹೊತ್ತು ಕಟ್ಟೆ ಮುಂದೆ ಹಾದು ಹೋಗಿದ್ದು ನೋಡೀನಿ, ಹೋಗುವಾಗ ಸೆರಗು ಸರಿ ಮಾಡಿಕೊಂಡಿದ್ದು ನೋಡೀನಿ. ಹಾಗೆ ನೋಡಿದ್ರೆ ಎಲ್ಲಾ ಗಂಡಸರಿಗೂ ಎಲ್ಲಾ ಕಟ್ಟೆ ಅಲ್ಲ, ಅದು ನಿಮಗೂ ಗೊತ್ತು. ಊರಲ್ಲಿ ಆಕೆ ನಿರಾಳವಾಗಿ ಕೂರೋ ಒಂದೇ ಜಾಗ ಅಂದ್ರೆ ಫಕೀರೇಶ್ವರ ಮಠದ ಅಂಗಳ. ಹಿಂದೂ-ಮುಸ್ಲಿಂ ಭಾವೈಕ್ಯಕ್ಕೆ ಹೆಸರಾದ ಮಠ ಅದು, ಯಾವ ಧರ್ಮದವರು ಬಂದ್ರೂ ಬಾ ಅನ್ನುತ್ತೆ. ಆದ್ರೆ ಅಲ್ಲಿಗೂ ಹೋಗೋದು ಕಾಯಿ ಒಡೆಸಿ ಕೈ ಮುಗಿಯೋಕೆ. ಸುಮ್ಮನೆ ಕೂರೋಕೆ ಅಂತ ಮನೆಯಿಂದ ಹೊರಟು ಹೋದ ಹೆಣ್ಣುಮಗಳು ನಮ್ಮೂರಲ್ಲಿ ಯಾರಿದ್ದಾರೆ ಅಂತ ಯೋಚಿಸಿದೆ. ಯಾರೂ ನೆನಪಾಗಲಿಲ್ಲ.

ಬೆಂಗಳೂರಿನಲ್ಲೇ 2003ರಲ್ಲಿ ಜಸ್ಮೀನ್ ಪಥೇಜಾ ಅವರು ಶುರು ಮಾಡಿದ 'ಬ್ಲ್ಯಾಂಕ್ ನಾಯ್ಸ್' ಅಂತ ಒಂದು ಗುಂಪು ಇದೆ. ಅವರದ್ದು 'ಮೀಟ್ ಟು ಸ್ಲೀಪ್' ಅಂತ ಒಂದು ಕಾರ್ಯಕ್ರಮ. ಹೆಣ್ಣುಮಕ್ಕಳು ಒಟ್ಟಾಗಿ ಪಾರ್ಕಿಗೆ ಹೋಗಿ ಚಾಪೆ ಹಾಸಿ ಮಲಗೋದು, ಅಷ್ಟೇ. ಮೊದಲ ಸಲ ಕೇಳಿದಾಗ ನಾನು, ಇದೇನು ಹೋರಾಟನಪ್ಪ, ಮಲಗೋದು, ಅಂದ್ಕೊಂಡಿದ್ದೆ. ಅವತ್ತು ಅವ್ವನ ಪಕ್ಕ ಕೂತಾಗ ಸ್ವಲ್ಪ ತಿಳೀತು.

ಸರಿ, ಕಥೆ ಇಷ್ಟೇ ಆಗಿದ್ರೆ ಚೆನ್ನಾಗಿರ್ತಿತ್ತು. ರಾತ್ರಿಯೆಲ್ಲ ಬಸ್ಸಲ್ಲಿ ಬಂದ ಮನುಷ್ಯರಿಗೆ ಬಾತ್‌ರೂಮ್ ಬೇಕಲ್ಲ. ಆಕೆ ಹೇಳಲಿಲ್ಲ, ನಾನು ಕೇಳಲಿಲ್ಲ. ಗಂಡುಮಕ್ಕಳ ಹಣೆಬರಹ ಇದು, ನಮಗೆ ಹೊಳೆಯೋದೇ ಇಲ್ಲ. ಪಾರ್ಕಿನಲ್ಲಿ ಶೌಚಾಲಯ ಇತ್ತು. ಟೈಲ್ಸ್ ಹಾಕಿದ್ದು, ಗೋಡೆ ಮೇಲೆ ಹೆಣ್ಣಿನ ಚಿತ್ರ, ಗಂಡಿನ ಚಿತ್ರ. ಎರಡಕ್ಕೂ ಬೀಗ. ಅವ್ವ ಎದ್ದು ಹೋಗಿ ಬೀಗ ನೋಡಿ ವಾಪಸ್ ಬಂದು ಕೂತಾಗಲೇ ನನಗೆ ಗೊತ್ತಾಗಿದ್ದು. ವಾಕಿಂಗ್ ಮಾಡ್ತಿದ್ದ ಒಬ್ಬ ಹಿರಿಯ ಹೆಂಗಸು ಅದನ್ನ ನೋಡಿದ್ರು. ನನ್ನ ಹತ್ರ ಒಂದು ಮಾತೂ ಆಡದೆ ಅವ್ವನ ಹತ್ರ ಬಂದ್ರು.

"ಯಾವೂರಮ್ಮ ನಿಮ್ದು?"

"ಶಿರಹಟ್ಟಿರೀ. ಗದಗ ಜಿಲ್ಲಾ."

"ಬನ್ನಿ, ನಮ್ಮನೆ ಇಲ್ಲೇ, ಎದುರುಗಡೆನೇ."

ಅರ್ಧ ಗಂಟೆ ಬಿಟ್ಟು ಅವ್ವ ಮುಖ ತೊಳ್ಕೊಂಡು, ತಲೆ ಬಾಚಿಕೊಂಡು, ಕಾಫಿ ಕುಡಿದು ಬಂದ್ಲು. ಆರಿಸಿದ ಹೂವೆಲ್ಲ ಅವರ ಮನೆ ದೇವರಿಗೆ ಕೊಟ್ಟು ಬಂದಿದ್ಲು. ಇಬ್ಬರೂ ಬೆಂಚಿನ ಮೇಲೆ ಕೂತು ಮೊಣಕಾಲು ನೋವು, ಸೊಸೆಯಂದಿರು, ಮೆಣಸಿನಕಾಯಿ ರೇಟು ಎಲ್ಲಾ ಮಾತಾಡಿದ್ರು. ನಾನು ಧೈರ್ಯ ಮಾಡಿ ಕೇಳ್ದೆ, ಆಂಟಿ, ಬೀಗ ಯಾಕೆ ಹಾಕಿದ್ದಾರೆ ಅಂತ. ಅವರು ಬೇಜಾರು ಮಾಡ್ಕೊಳ್ಳದೆ ಹೇಳಿದ್ರು. ಮೊದಲು ಇಡೀ ದಿನ ತೆರೆದಿರ್ತಿತ್ತಂತೆ. ಮಧ್ಯಾಹ್ನ ಹುಡುಗರು ಬಂದು ಕುಡಿದು ಬಾಟಲಿ ಒಡೆದು ಹೋಗ್ತಿದ್ರಂತೆ, ಮೊಮ್ಮಗನ ಕಾಲಿಗೆ ಗಾಜು ಚುಚ್ಚಿತ್ತಂತೆ. ನಲ್ಲಿ ಕಿತ್ಕೊಂಡು ಹೋದ್ರಂತೆ. ಸಂಘದವರೇ ಹೋಗಿ ಬೀಗ ಹಾಕಿಸಿದ್ರು ಅಂದ್ರು. ಕೊನೆಗೆ ಒಂದು ಮಾತು ಸೇರಿಸಿದ್ರು: "ಹತ್ತು ಗಂಟೆ ಮೇಲೆ ಪಾರ್ಕಿಗೆ ಯಾರ್ ಬರ್ತಾರೆ ಹೇಳಪ್ಪ? ಕೆಲಸ ಇಲ್ದೋರು."

ಅವ್ವ ಏನೂ ಅನ್ನಲಿಲ್ಲ. ಆ ತಾಯಿ ಕೆಟ್ಟವರಲ್ಲ, ಇದನ್ನ ನಾನು ಒತ್ತಿ ಹೇಳ್ತೀನಿ. ಅವತ್ತು ಇಡೀ ಬೀದಿಯಲ್ಲಿ ನಮ್ಮವ್ವಗೆ ಬಾಗಿಲು ತೆರೆದವರು ಅವರೊಬ್ಬರೇ.

ಹತ್ತಕ್ಕೆ ಸರಿಯಾಗಿ ಸೀಟಿ. ಕಾವಲಿನವರು ಯಾದಗಿರಿ ಕಡೆಯವರು, ಭಾಷೆಯಲ್ಲೇ ಗೊತ್ತಾಯ್ತು. "ಟೈಮ್ ಆತು, ಏಳ್ರಿ ಯವ್ವಾ." ಆಗ ನಗರದ ಪಾರ್ಕುಗಳಿಗೆ ಅದೇ ಟೈಮು: ಬೆಳಿಗ್ಗೆ 5ರಿಂದ 10, ಮತ್ತೆ ಮಧ್ಯಾಹ್ನ 1.30ರಿಂದ ರಾತ್ರಿ 8. ಆಸ್ಪತ್ರೆಗೆ ಹೊರಡೋಕೆ ಹನ್ನೆರಡೂವರೆ ಆಗಬೇಕು, ಅಲ್ಲೀವರೆಗೆ ಕೂತಿರ್ತೀವಿ, ನಾವೇನು ಬಾಟಲಿ ಒಡೆಯೋರಲ್ಲ ಅಂದೆ. ಅವರು ಫೋನ್ ತೆಗೆದು ತೋರಿಸಿದ್ರು. ದಿನಾ ಹತ್ತು ಗಂಟೆಗೆ ಬೀಗ ಹಾಕಿದ ಗೇಟಿನ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಹಾಕದಿದ್ರೆ ಫೋನ್ ಬರುತ್ತೆ. "ನನ್ನ ಕೈಯಾಗ ಏನೈತಿ ಹೇಳ್ರಿ" ಅಂದ್ರು.

ಹೊರಗೆ ಬಂದ್ವಿ. ಅವರು ಬೀಗ ಹಾಕಿ, ಫೋಟೋ ತೆಗೆದು, ಆಮೇಲೆ ತಮ್ಮ ಪ್ಲಾಸ್ಟಿಕ್ ಕುರ್ಚಿಯನ್ನ ಗೇಟಿನ ಮೇಲಿಂದ ದಾಟಿಸಿ ಅವ್ವಗೆ ಕೊಟ್ರು. ಫುಟ್‌ಪಾತಿನಲ್ಲಿ, ಕಾಂಪೌಂಡಿನ ನೆರಳಿನಲ್ಲಿ ಅವ್ವ ಎರಡೂವರೆ ತಾಸು ಆ ಕುರ್ಚಿಯಲ್ಲಿ ಕೂತಿದ್ಲು. ಒಳಗೆ ಮೂರು ಬೆಂಚು ಖಾಲಿ. ನೀರಿನ ಟ್ಯಾಂಕರ್ ಹೋದಾಗೆಲ್ಲ ಧೂಳು. ಅವ್ವ ಸೆರಗು ಮೂಗಿಗೆ ಹಿಡಿದು, ಗೇಟಿನ ಸರಳಿನ ನಡುವೆ ಕೈ ಹಾಕಿ, ಈಚೆ ಬಿದ್ದ ಹೂವು ಆರಿಸೋಳು.

ಆ ದಿನದ ಸಿಟ್ಟಿಗೆ ನಾನು ಆಮೇಲೆ ಪಾರ್ಕಿನ ಕಾನೂನು ಹುಡುಕೋಕೆ ಕೂತೆ. ನಿಮಗೆ ಬೋರ್ ಹೊಡೆಸಲ್ಲ, ಒಂದೇ ಕೇಸು ಹೇಳ್ತೀನಿ, ಯಾಕಂದ್ರೆ ಅದು ಬೆಂಗಳೂರಿನದ್ದೇ. ಸದಾಶಿವನಗರದ ಕಡೆ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟ ಒಂದು ಜಾಗ. 1976ರಲ್ಲಿ ಸರ್ಕಾರದ ಆದೇಶದಿಂದ ಅದನ್ನ ಖಾಸಗಿ ಟ್ರಸ್ಟ್ ಒಂದಕ್ಕೆ ಆಸ್ಪತ್ರೆ ಕಟ್ಟೋಕೆ ಕೊಡೋ ದಾರಿ ಆಯ್ತು. ಬಿ.ಎಸ್. ಮುದ್ದಪ್ಪ ಮತ್ತು ಇತರ ನಿವಾಸಿಗಳು ಕೋರ್ಟಿಗೆ ಹೋದ್ರು. ನಿಮಗೇನು ಹಕ್ಕು ಅಂತ ಕೇಳಿದ್ರು ಎದುರಿನವರು. ಕೇಸು ಸುಪ್ರೀಂ ಕೋರ್ಟ್ ಮುಟ್ಟಿತು. 1991ರಲ್ಲಿ ತೀರ್ಪು: ಪಾರ್ಕಿನ ಜಾಗ ಪಾರ್ಕಿಗೇ, ಪ್ರಶ್ನೆ ಮಾಡೋ ಹಕ್ಕು ಅಲ್ಲಿನ ಜನಕ್ಕೆ ಇದೆ. ದೇಶದಲ್ಲಿ ಎಲ್ಲೇ ಪಾರ್ಕಿನ ಜಗಳ ಆದ್ರೂ ವಕೀಲರು ಇವತ್ತಿಗೂ ಆ ತೀರ್ಪು ತೆಗೀತಾರೆ.

ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಆರ್.ಎಂ. ಸಹಾಯ್ ಬರೆದ ಒಂದು ಭಾಗ ಇದೆ. ಅದರ ಸಾರ ಇಷ್ಟು: ಒಂದು ಕಾಲಕ್ಕೆ ಚೆಂದದ ಜಾಗದಲ್ಲಿ ಒಳ್ಳೇ ಗಾಳಿ ಕುಡಿಯೋದು ರಾಜರಿಗೆ, ಸಿರಿವಂತರಿಗೆ ಮಾತ್ರ ಇತ್ತು. ಸಾಮಾನ್ಯ ಮನುಷ್ಯನಿಗೂ ಬೆಲೆ ಇದೆ, ಎಲ್ಲರೂ ಸಮಾನರು ಅನ್ನೋ ವಿಚಾರದ ಜೊತೆ ಬೆಳೆದಿದ್ದು ಸಾರ್ವಜನಿಕ ಪಾರ್ಕು. ಈಗ ಅದು ಜನ ತಮಗೆ ತಾವೇ ಕೊಟ್ಟುಕೊಂಡ ಉಡುಗೊರೆ.

ನನ್ನ ತಲೆ ಕೆಡಿಸಿದ್ದು ಈ 'ಜನ' ಅನ್ನೋ ಪದ. ಮುದ್ದಪ್ಪ ಅವರಂಥ ನಿವಾಸಿಗಳು ಇಲ್ಲದಿದ್ರೆ ಬೆಂಗಳೂರಿನ ಎಷ್ಟೋ ಪಾರ್ಕು ಇವತ್ತು ಕಟ್ಟಡ ಆಗಿರ್ತಿದ್ವು. ಒತ್ತುವರಿ ಆದ್ರೆ ಓಡಾಡೋದು, ಸಸಿಗೆ ನೀರು ಹಾಕೋದು, ಬಲ್ಬ್ ಹೋದ್ರೆ ಅರ್ಜಿ ಕೊಡೋದು, ಎಲ್ಲಾ ಅಲ್ಲಿನ ಮನೆಯವರೇ. ಪಿಜಿಯಲ್ಲಿ ಇರೋ ನಾವು ಒಂದು ದಿನಾನೂ ಆ ಕೆಲಸಕ್ಕೆ ಹೋದವರಲ್ಲ. ಇದು ಒಪ್ಪಬೇಕು. ಆದ್ರೆ ಪಾರ್ಕು ಉಳಿಸಿದವರೇ ಬೀಗದ ಕೈ ಇಟ್ಟುಕೊಂಡಾಗ, ಎದುರಿಗೇ ಮನೆ ಇರೋರಿಗೆ ಐದು ತಾಸು ತೆರೆದಿರುತ್ತೆ, ಕೂರೋಕೆ ಮನೆಯೇ ಇಲ್ಲದವರಿಗೆ ಬೇಕಾದ ಹೊತ್ತಲ್ಲಿ ಮುಚ್ಚಿರುತ್ತೆ. ಹತ್ತು ಗಂಟೆ ಮೇಲೆ ಯಾರು ಬರ್ತಾರೆ ಅಂದ್ರೆ, ಮಗುವನ್ನ ಶಾಲೆಗೆ ಬಿಟ್ಟು ಮುಂದಿನ ಮನೆ ಕೆಲಸಕ್ಕೆ ಟೈಮ್ ಆಗೋವರೆಗೆ ಕಾಯೋ ಹೆಂಗಸು ಬರ್ತಾಳೆ. ಎರಡು ಆರ್ಡರ್ ನಡುವೆ ಇರೋ ಡೆಲಿವರಿ ಹುಡುಗ ಬರ್ತಾನೆ. ಪೀಣ್ಯದಲ್ಲಿ ನೈಟ್ ಮುಗಿಸಿ, ರೂಮಿನಲ್ಲಿ ಏಳು ಜನ ಗದ್ದಲ ಮಾಡ್ತಿದ್ದಾರೆ ಅಂತ ಹೊರಗೆ ಬಂದವನು ಬರ್ತಾನೆ. ಇವರೆಲ್ಲ ಕೆಲಸ ಇಲ್ಲದವರಲ್ಲ.

ಬಾಟಲಿ ಒಡೆಯೋರ ಗತಿ ಏನು ಅಂತ ನೀವು ಕೇಳಬಹುದು. ನನ್ನ ಹತ್ರ ದೊಡ್ಡ ಉತ್ತರ ಇಲ್ಲ. ಬೀಗ ಹಾಕಿದ ಎರಡೂವರೆ ತಾಸಿನಲ್ಲಿ ಇಬ್ಬರು ಹುಡುಗರು ಹಿಂದಿನ ಕಾಂಪೌಂಡ್ ಹಾರಿ ಒಳಗೆ ಹೋಗಿದ್ದನ್ನ ಅವ್ವನೂ ನಾನೂ ನೋಡಿದ್ವಿ. ಅವ್ವಗೆ ಹಾರೋಕೆ ಬರಲ್ಲ, ಅಷ್ಟೇ ವ್ಯತ್ಯಾಸ.

2024ರಲ್ಲಿ ನಗರದ ಪಾರ್ಕುಗಳ ಟೈಮ್ ಬದಲಾಯ್ತು. ಬೆಳಿಗ್ಗೆ 5ರಿಂದ ರಾತ್ರಿ 10, ನಡುವೆ ಮುಚ್ಚೋ ಹಾಗಿಲ್ಲ. ಕೆಲವರು ವಿರೋಧ ಮಾಡಿದ್ರು, ಕೆಲವು ಕಡೆ ಆದೇಶ ಒಂದು, ಬೀಗ ಇನ್ನೊಂದು. 2025ರ ಸೆಪ್ಟೆಂಬರ್‌ನಲ್ಲಿ ಒಂದಿದ್ದ ಪಾಲಿಕೆ ಐದಾಯ್ತು, ಹಾಗಾಗಿ ಯಾರಿಗೆ ಅರ್ಜಿ ಕೊಡಬೇಕು ಅನ್ನೋದನ್ನೂ ಮತ್ತೆ ಹೊಸದಾಗಿ ಕಲೀಬೇಕು. ನಮ್ಮ ಈ ಪಾರ್ಕು ಮಾತ್ರ ಈಗ ಹಗಲೆಲ್ಲ ತೆರೆದಿರುತ್ತೆ. ನಾನು ಪಿಜಿ ಬಿಟ್ಟು ಅದೇ ಏರಿಯಾದಲ್ಲಿ ಸಣ್ಣ ರೂಮು ಮಾಡಿದ್ದೀನಿ. ಶಿಫ್ಟ್ ಮುಗಿಸಿ ಬಂದು, ವಾರಕ್ಕೆ ಎರಡು ಮೂರು ದಿನ ಹನ್ನೊಂದರ ಹೊತ್ತಿಗೆ ಅದೇ ಬೆಂಚಿಗೆ ಹೋಗ್ತೀನಿ. ಆ ಹೊತ್ತಿನಲ್ಲಿ ಅಲ್ಲಿ ಸದ್ದೇ ಇರಲ್ಲ. ಹೊಂಗೆ ಕೆಳಗೆ ಹೆಲ್ಮೆಟ್ ತಲೆದಿಂಬು ಮಾಡ್ಕೊಂಡು ಒಬ್ಬ ಮಲಗಿರ್ತಾನೆ. ಮಲಗಬಾರದು ಅನ್ನೋ ಬೋರ್ಡು ಅವನ ತಲೆ ಮೇಲೇ ಇರುತ್ತೆ. ಯಾದಗಿರಿಯವರು ನೋಡಿಯೂ ನೋಡದಂಗೆ ಎಲೆ ಗುಡಿಸ್ತಿರ್ತಾರೆ.

ಅವ್ವ ಆಮೇಲೆ ಎರಡು ಸಲ ಕಣ್ಣು ತೋರಿಸೋಕೆ ಬಂದ್ಲು. ಈಗ ರೂಮಿದೆ, ಬಾತ್‌ರೂಮಿದೆ, ಆದ್ರೂ ಬೆಳಿಗ್ಗೆ ಎದ್ದು ಪಾರ್ಕಿಗೇ ಹೊರಡ್ತಾಳೆ, ಒಬ್ಬಳೇ. ಆ ಎದುರು ಮನೆಯವರ ಜೊತೆ ಫೋನ್ ನಂಬರ್ ಬದಲಾಯಿಸಿಕೊಂಡಿದ್ದಾಳೆ. ಕಳೆದ ಸಲ ಊರಿಗೆ ಹೋದ ಮೇಲೆ ಫೋನ್ ಮಾಡಿ, ಅದೂ ಇದೂ ಮಾತಾಡಿ, ಕೊನೆಗೆ ಕೇಳಿದ್ಲು: "ಆ ಸಂಡಾಸದ ಕೀಲಿ ತಗದಾರೇನು?"

ತೆಗೆದಿಲ್ಲ. ಎರಡು ಅರ್ಜಿ ಕೊಟ್ಟಿದ್ದೀನಿ, ಎರಡನೇದಕ್ಕೆ ಆ ಆಂಟಿಯೂ ಸೈನ್ ಹಾಕಿದ್ದಾರೆ. ಆದ್ರೆ ಏನಾಗುತ್ತೋ ಅದು ಆದ ಮೇಲೆ ಹೇಳ್ತೀನಿ. ಅಷ್ಟರಲ್ಲಿ ನೀವೊಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮ ಏರಿಯಾ ಪಾರ್ಕಿನ ಮುಂದೆ ಹಾದು ಹೋಗಿ, ಗೇಟಿಗೆ ಬೀಗ ಇದೆಯಾ, ಬೋರ್ಡಿನ ಮೇಲೆ ಏನೇನು ಮಾಡಬಾರದು ಅಂತ ಬರೆದಿದ್ದಾರೆ ಅಂತ ಒಂದು ಫೋಟೋ ತೆಗೆದು ನಮಗೆ ಕಳಿಸಿ. ಅವ್ವಗೆ ಓದಿಸ್ತೀನಿ.